ಆರು ತಿಂಗಳ ವಾಯಿದೆ: ಅಪಘಾತ ಪರಿಹಾರದ ಗಡುವು ಬಂದದ್ದು, ಹೋದದ್ದು, ಮತ್ತೆ ಬಂದದ್ದು

2022ರಲ್ಲಿ ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಎರಡು ದೊಡ್ಡ ರಸ್ತೆ ಅಪಘಾತಗಳಾದವು.

ಮೊದಲನೆಯದು ಮಾರ್ಚ್ 19ರಂದು. ವೈ.ಎನ್.ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸು ಪಳವಳ್ಳಿ ಹತ್ತಿರ ಮಗುಚಿಬಿತ್ತು. ಬಸ್ಸು ಕಿಕ್ಕಿರಿದಿತ್ತು. ಅದರಲ್ಲಿ ಶಾಲೆ ಕಾಲೇಜಿಗೆ ಹೊರಟ ಮಕ್ಕಳು ಬಹಳ ಜನ ಇದ್ದರು. ಹಲವರು ಸತ್ತರು, ಇನ್ನೆಷ್ಟೋ ಮಂದಿ ಕೈಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು.

ಎರಡನೆಯದು ಆಗಸ್ಟ್ 25ರ ನಸುಕಿನಲ್ಲಿ. ಶಿರಾ ತಾಲ್ಲೂಕಿನ ಬಾಲೇನಹಳ್ಳಿ ಬಳಿ, ಬೆಂಗಳೂರು ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕ್ರೂಸರ್ ಗಾಡಿಗೂ ಲಾರಿಗೂ ಡಿಕ್ಕಿಯಾಯಿತು. ಕ್ರೂಸರ್‌ನಲ್ಲಿದ್ದವರು ರಾಯಚೂರು ಜಿಲ್ಲೆಯಿಂದ ಕೂಲಿಗೆಂದು ಬೆಂಗಳೂರಿಗೆ ಹೊರಟವರು. ಮಕ್ಕಳೂ ಸೇರಿ 9 ಮಂದಿ ಸತ್ತರು.

ಎರಡೂ ಸುದ್ದಿಗಳು ನಿಮಗೆ ನೆನಪಿರಬಹುದು. ಆದರೆ ಈ ಎರಡು ದಿನಗಳ ನಡುವೆ ಕಾನೂನಿನಲ್ಲಿ ಒಂದು ಗೆರೆ ಬಿದ್ದಿತ್ತು. ಪಳವಳ್ಳಿಯಲ್ಲಿ ಬಸ್ಸು ಮಗುಚಿದ ದಿನ, ನೊಂದವರು ಪರಿಹಾರಕ್ಕೆ ಅರ್ಜಿ ಹಾಕಲು ಇಂತಿಷ್ಟೇ ದಿನ ಎಂಬ ವಾಯಿದೆ ಮೋಟಾರು ವಾಹನ ಕಾಯ್ದೆಯಲ್ಲಿ ಇರಲಿಲ್ಲ. ಅದಾಗಿ 13 ದಿನಕ್ಕೆ, ಅಂದರೆ 2022ರ ಏಪ್ರಿಲ್ 1ಕ್ಕೆ, ಹೊಸ ವಾಯಿದೆ ಜಾರಿಗೆ ಬಂತು: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಶಿರಾದಲ್ಲಿ ಸತ್ತವರ ಮನೆಯವರ ಮಟ್ಟಿಗೆ ಆ ಆರು ತಿಂಗಳು 2023ರ ಫೆಬ್ರುವರಿ ಕೊನೆಯ ವಾರಕ್ಕೆ ಮುಗಿಯುತ್ತಿತ್ತು.

ಈ ಗಡುವು ಮೊದಲ ಸಲ ಬಂದದ್ದಲ್ಲ. ಹಿಂದೆ ಬಂದಿತ್ತು, ಸಡಿಲವಾಗಿತ್ತು, ಬಿಗಿಯಾಗಿತ್ತು, ಪೂರ್ತಿ ಹೋಗಿತ್ತು, ಈಗ ಮತ್ತೆ ಬಂದು ಸುಪ್ರೀಂ ಕೋರ್ಟಿನ ಮುಂದೆ ನಿಂತಿದೆ. ಅದರ ಕತೆ ತಿಳಿದರೆ ನಮ್ಮೂರಲ್ಲಿ ಯಾರಿಗಾದರೂ ಅಪಘಾತವಾದಾಗ ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂಬುದೂ ತಿಳಿಯುತ್ತದೆ.

ಸತ್ತರೆ ಲೆಕ್ಕಕ್ಕಿಲ್ಲ ಎಂಬ ಕಾಲ

ಕತೆ ಶುರುವಾಗುವುದು ಇಂಗ್ಲೆಂಡಿನಲ್ಲಿ, ಅದೂ ಮಗುಚಿದ ಗಾಡಿಯಿಂದಲೇ. 1808ರಲ್ಲಿ ಅಲ್ಲಿನ ಕೋರ್ಟಿನ ಮುಂದೆ ಒಂದು ಕೇಸು ಬಂತು. ಗಂಡ ಹೆಂಡತಿ ಕೂತಿದ್ದ ಬಾಡಿಗೆ ಕುದುರೆಗಾಡಿ ಮಗುಚಿ, ಗಂಡನಿಗೆ ಪೆಟ್ಟಾಗಿ, ಹೆಂಡತಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿ ನರಳಿ ಸತ್ತಿದ್ದಳು. ನ್ಯಾಯಾಧೀಶರು ಗಂಡನ ಪೆಟ್ಟಿಗೆ ಪರಿಹಾರ ಕೊಡಿಸಿದರು. ಹೆಂಡತಿ ಬದುಕಿದ್ದ ಆ ಒಂದು ತಿಂಗಳ ನಷ್ಟಕ್ಕೂ ಕೊಡಿಸಿದರು. ಸತ್ತ ಮೇಲಿನದಕ್ಕೆ ಏನೂ ಇಲ್ಲ ಎಂದರು. ಮನುಷ್ಯನ ಸಾವು ಸಿವಿಲ್ ಕೋರ್ಟಿನಲ್ಲಿ ಕೇಳಬಹುದಾದ ನಷ್ಟವೇ ಅಲ್ಲ ಎಂಬುದು ಆಗಿನ ನಿಯಮ.

ಅಂದರೆ ಕಾಲು ಮುರಿದರೆ ದುಡ್ಡು ಕೊಡಬೇಕು, ಪ್ರಾಣ ಹೋದರೆ ಕೊಡಬೇಕಿಲ್ಲ. ರೈಲು ಬಂದು ಸಾವುಗಳು ಹೆಚ್ಚಾದ ಮೇಲೆ ಇದು ಎಷ್ಟು ಅನ್ಯಾಯ ಎಂಬುದು ಎಲ್ಲರಿಗೂ ಕಾಣಿಸತೊಡಗಿತು. 1846ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಕಾನೂನು ಬಂತು. ಸತ್ತವರ ಹೆಂಡತಿ, ಗಂಡ, ತಂದೆ ತಾಯಿ, ಮಕ್ಕಳು ಪರಿಹಾರ ಕೇಳಬಹುದು ಎಂದಿತು. ಜೊತೆಗೇ ಒಂದು ವಾಯಿದೆಯನ್ನೂ ಇಟ್ಟಿತು: 12 ತಿಂಗಳು.

ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಇಂಗ್ಲೆಂಡಿನ ಕಾನೂನಿನ ಅಚ್ಚಿನಲ್ಲೇ ಬ್ರಿಟಿಷ್ ಇಂಡಿಯಾಕ್ಕೂ ಮಾರಕ ಅಪಘಾತಗಳ ಕಾಯ್ದೆ ಬಂತು. ಆಗ ಗಡಿಯಾಚೆಯ ಮಡಕಶಿರಾ, ಹಿಂದೂಪುರ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಈಚೆಯ ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಮೈಸೂರು ಸೀಮೆಯವು. 1908ರ ಕಾಲಮಿತಿ ಕಾಯ್ದೆ ಇಂಥ ಸಾವಿನ ದಾವೆಗೆ ಒಂದು ವರ್ಷ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ 1963ರ ಕಾಲಮಿತಿ ಕಾಯ್ದೆ ಅದನ್ನು ಎರಡು ವರ್ಷ ಮಾಡಿತು.

ವಾಯಿದೆ ಯಾಕೆ ಬೇಕು?

ವಾಯಿದೆ ಇಡುವುದರ ಹಿಂದೆ ಒಂದು ನ್ಯಾಯವಿದೆ, ಅದನ್ನೂ ಹೇಳಬೇಕು. ಹತ್ತು ವರ್ಷದ ಮೇಲೆ ಬಂದು "ನಿನ್ನ ಗಾಡಿ ನಮ್ಮಪ್ಪನಿಗೆ ಗುದ್ದಿತ್ತು" ಎಂದರೆ ಗಾಡಿಯವನು ಏನು ಮಾಡಬೇಕು? ನೋಡಿದವರು ಊರು ಬಿಟ್ಟಿರುತ್ತಾರೆ, ಕೆಲವರು ಸತ್ತಿರುತ್ತಾರೆ. ಆಸ್ಪತ್ರೆಯ ದಾಖಲೆ ಗೆದ್ದಲು ಹಿಡಿದಿರುತ್ತದೆ. ತಡವಾಗಿ ಬರುವ ಅರ್ಜಿಗಳಲ್ಲಿ ಸುಳ್ಳು ಗಾಡಿ, ಸುಳ್ಳು ಸಾಕ್ಷಿ ಸೇರಿಕೊಳ್ಳುತ್ತವೆ ಎಂಬುದು ವಿಮಾ ಕಂಪನಿಗಳು ಯಾವಾಗಲೂ ಹೇಳುವ ಮಾತು. ಅದರಲ್ಲಿ ಸುಳ್ಳೇನೂ ಇಲ್ಲ.

ಆದರೆ ಗಡಿಯಾರ ಎಲ್ಲರ ಮನೆಯಲ್ಲೂ ಒಂದೇ ಥರ ಓಡುವುದಿಲ್ಲ. ವಿಮಾ ಕಂಪನಿಗೆ ಅಪಘಾತದ ಮಾರನೇ ದಿನವೇ ವಕೀಲರಿರುತ್ತಾರೆ. ಐ.ಡಿ.ಹಳ್ಳಿ ಹೋಬಳಿಯ ಒಂದು ಮನೆಯ ಲೆಕ್ಕ ಹಾಕಿ ನೋಡಿ. ದುಡಿಯುವ ಗಂಡಸಿಗೆ ಬೈಕಿನಲ್ಲಿ ಹೋಗುವಾಗ ತಲೆಗೆ ಪೆಟ್ಟಾಗಿದೆ. ಮಧುಗಿರಿ ಆಸ್ಪತ್ರೆ, ಅಲ್ಲಿಂದ ತುಮಕೂರು, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್. ಮನೆಯ ಹೆಂಗಸರು ಒಂದು ತಿಂಗಳು ಆಸ್ಪತ್ರೆಯ ಕಾರಿಡಾರಿನಲ್ಲೇ ಕಳೆಯುತ್ತಾರೆ. ಅಷ್ಟರಲ್ಲಿ ಕಡಲೆಕಾಯಿ ಕೀಳುವ ಕಾಲ ಬರುತ್ತದೆ. ಸಾಲ ತೀರಿಸಬೇಕು. ಸತ್ತರೆ ತಿಥಿ, ತಿಂಗಳ ಕಾರ್ಯ. "ಕೋರ್ಟು ಕಚೇರಿ ಆಮೇಲೆ ನೋಡೋಣ" ಎಂದು ಹಿರಿಯರು ಹೇಳುತ್ತಾರೆ. ಆ ಆಮೇಲೆ ಎಂಬುದು ಬರುವಾಗ ವರ್ಷವಾಗಿರುತ್ತದೆ.

ಅರವತ್ತು ದಿನ, ಆರು ತಿಂಗಳು, ಹನ್ನೆರಡು ತಿಂಗಳು

1939ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂತು. ರಸ್ತೆಯಲ್ಲಿ ಓಡುವ ಗಾಡಿಗೆ ಮೂರನೆಯವರ ಹಾನಿಗಾಗಿ ವಿಮೆ ಇರಲೇಬೇಕು ಎಂಬ ಅದರ ಭಾಗ ಜಾರಿಯಾದದ್ದು 1946ರಲ್ಲಿ. ಆದರೆ ಪರಿಹಾರ ಬೇಕಾದವರು ಆಗಲೂ ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. ಕೇಳುವ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟು ಶುಲ್ಕ ಕಟ್ಟಬೇಕಿತ್ತು. ಬಡವರಿಗೆ ಅದು ಆಗುವ ಮಾತಲ್ಲ.

1956ರ ತಿದ್ದುಪಡಿ ಅದನ್ನು ಬದಲಿಸಿತು. ಅಪಘಾತದ ಕೇಸುಗಳಿಗೆಂದೇ ಬೇರೆ ನ್ಯಾಯಮಂಡಳಿ ಮಾಡಬಹುದು ಎಂದಿತು. ನಮ್ಮ ಕಡೆ ಜನ "ಎಂವಿಸಿ ಕೇಸು" ಎನ್ನುವುದು ಇದರ ಮುಂದೆ ನಡೆಯುವ ಕೇಸನ್ನೇ. ದಾವೆ ಬೇಡ, ಅರ್ಜಿ ಸಾಕು. ಇದು ದೊಡ್ಡ ಅನುಕೂಲ. ಆದರೆ ಅದರ ಜೊತೆ ಬಂದ ವಾಯಿದೆ ಬರೀ 60 ದಿನ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಮಾತ್ರ ಆಮೇಲೂ ತೆಗೆದುಕೊಳ್ಳಬಹುದಿತ್ತು. ಮುರಿದ ತೊಡೆ ಮೂಳೆ ಕೂಡಿಕೊಳ್ಳುವುದಕ್ಕೇ 60 ದಿನ ಸಾಲದು.

1969ರಲ್ಲಿ ಪಾರ್ಲಿಮೆಂಟು 60 ದಿನವನ್ನು ಆರು ತಿಂಗಳು ಮಾಡಿತು. ತಡವಾದದ್ದಕ್ಕೆ ಕಾರಣ ಸರಿಯಿದ್ದರೆ ಮನ್ನಿಸುವ ಅಧಿಕಾರ ಹಾಗೇ ಉಳಿಯಿತು.

ಆಮೇಲೆ 1988ರ ಹೊಸ ಕಾಯ್ದೆ ಬಂತು. 1989ರ ಜುಲೈ 1ರಿಂದ ಜಾರಿಯಾಯಿತು. ಆರು ತಿಂಗಳ ವಾಯಿದೆ ಹಾಗೇ ಇತ್ತು, ಆದರೆ ತಡವನ್ನು ಮನ್ನಿಸುವ ಅಧಿಕಾರಕ್ಕೆ ಬೇಲಿ ಹಾಕಿದರು. ಅಪಘಾತವಾಗಿ 12 ತಿಂಗಳು ದಾಟಿದರೆ, ಕಾರಣ ಎಷ್ಟೇ ನಿಜವಾದರೂ ನ್ಯಾಯಾಧೀಶರ ಕೈ ಕಟ್ಟಿಹೋಗುತ್ತಿತ್ತು.

ಮಧ್ಯಪ್ರದೇಶದ ಒಬ್ಬ ಗಾಯಾಳುವಿಗೆ ಆದದ್ದು ಇದೇ. 1990ರ ಡಿಸೆಂಬರಿನಲ್ಲಿ ಅಪಘಾತವಾಯಿತು. ಅವರು ಅರ್ಜಿ ಹಾಕಿದ್ದು 1991ರ ಡಿಸೆಂಬರಿನಲ್ಲಿ, 12 ತಿಂಗಳು ಮುಗಿದು ಬೆರಳೆಣಿಕೆಯ ದಿನಗಳ ಮೇಲೆ. ನ್ಯಾಯಮಂಡಳಿ ಆಗುವುದಿಲ್ಲ ಎಂದಿತು. ಹೈಕೋರ್ಟಿನಲ್ಲೂ ಸೋತರು. ಗಾಯ ನಿಜವೋ ಸುಳ್ಳೋ, ತಪ್ಪು ಯಾರದು ಎಂದು ಯಾರೂ ಕೇಳಲೇ ಇಲ್ಲ. ಕ್ಯಾಲೆಂಡರ್ ನೋಡಿ ಕಳಿಸಿದರು.

ಗಡುವೇ ಇಲ್ಲದ 27 ವರ್ಷ

ಅವರ ಕೇಸು ಸುಪ್ರೀಂ ಕೋರ್ಟು ಮುಟ್ಟುವಷ್ಟರಲ್ಲಿ ಕಾನೂನೇ ಬದಲಾಗಿತ್ತು. 1994ರ ತಿದ್ದುಪಡಿ ಆ ವಾಯಿದೆಯ ಉಪಕಲಮನ್ನೇ ಕಿತ್ತು ಹಾಕಿತ್ತು. 1994ರ ನವೆಂಬರ್ 14ರಿಂದ ಅಪಘಾತ ಪರಿಹಾರದ ಅರ್ಜಿಗೆ ಗಡುವೇ ಇಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಗಡುವು ತೆಗೆದದ್ದರ ಫಲ ಹಳೆಯ ಅಪಘಾತದವರಿಗೂ, ಅವರ ವಿಚಾರ ಇನ್ನೂ ಮುಗಿಯದೆ ಕೋರ್ಟಿನಲ್ಲಿದ್ದರೆ, ಸಿಗಬೇಕು ಎಂದಿತು.

ಅದೇ 1994ರ ತಿದ್ದುಪಡಿ ಇನ್ನೊಂದು ಉಪಕಾರ ಮಾಡಿತು. ನಮ್ಮಂಥ ಗಡಿಸೀಮೆಯವರಿಗೆ ಇದೇ ದೊಡ್ಡದು. ಅದಕ್ಕೆ ಮೊದಲು ಅಪಘಾತ ಎಲ್ಲಾಯಿತೋ ಅಲ್ಲಿನ ನ್ಯಾಯಮಂಡಳಿಗೇ ಹೋಗಬೇಕಿತ್ತು. ಕಾನೂನು ಆಯೋಗ ತನ್ನ 119ನೇ ವರದಿಯಲ್ಲಿ ಇದನ್ನು ಬದಲಿಸಿ ಎಂದು ಹೇಳಿತ್ತು. ತಿದ್ದುಪಡಿ ಆದ ಮೇಲೆ, ಅಪಘಾತ ಆದ ಜಾಗ, ಅರ್ಜಿ ಹಾಕುವವರು ಇರುವ ಜಾಗ ಅಥವಾ ಪರಿಹಾರ ಕೊಡಬೇಕಾದವರು ಇರುವ ಜಾಗ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು.

ಇದರ ಅರ್ಥ ಸರಳ. ಐ.ಡಿ.ಹಳ್ಳಿ ಕಡೆಯವರಿಗೆ ಹಿಂದೂಪುರದಲ್ಲೋ ಮಡಕಶಿರಾ ರಸ್ತೆಯಲ್ಲೋ ಅಪಘಾತವಾದರೆ ಆಂಧ್ರದ ಕೋರ್ಟಿಗೆ ಅಲೆಯಬೇಕಿಲ್ಲ, ಮಧುಗಿರಿಯಲ್ಲೇ ಹಾಕಬಹುದು. ಶಿರಾದಲ್ಲಿ ನೊಂದ ರಾಯಚೂರಿನವರು ಶಿರಾಕ್ಕೆ ಬರಬೇಕಿಲ್ಲ, ತಮ್ಮ ಜಿಲ್ಲೆಯಲ್ಲೇ ಹಾಕಬಹುದು. ಈ ಅನುಕೂಲ ಈಗಲೂ ಇದೆ.

ಹೀಗೆ 1994ರ ನವೆಂಬರಿನಿಂದ 2022ರ ಮಾರ್ಚ್ ಕೊನೆಯವರೆಗೆ, 27 ವರ್ಷಕ್ಕೂ ಹೆಚ್ಚು ಕಾಲ, ಗಡುವು ಇರಲಿಲ್ಲ. ಒಂದು ತಲೆಮಾರಿನ ಜನ, ವಕೀಲರು, ಊರ ಮುಖಂಡರು ಇದಕ್ಕೇ ಒಗ್ಗಿಹೋದರು. "ಎಂವಿಸಿಗೆ ಅವಸರವಿಲ್ಲ, ಯಾವಾಗ ಬೇಕಾದರೂ ಹಾಕಬಹುದು" ಎಂಬ ಮಾತು ಊರಲ್ಲಿ ಉಳಿದದ್ದು ಹೀಗೆ. ಆ ಮಾತು ಆಗ ನಿಜವಾಗಿತ್ತು. ಈಗ ಅದನ್ನು ನಂಬಿ ಕೂತರೆ ಅಪಾಯ.

ಮತ್ತೆ ಬಂದ ಗಡುವು

2019ರಲ್ಲಿ ಪಾರ್ಲಿಮೆಂಟು ಮೋಟಾರು ವಾಹನ ಕಾಯ್ದೆಯನ್ನು ದೊಡ್ಡದಾಗಿ ತಿದ್ದಿತು. ಹೆಲ್ಮೆಟ್, ಲೈಸೆನ್ಸ್ ದಂಡ ಏರಿದ್ದು ಎಲ್ಲರಿಗೂ ಗೊತ್ತು, ಅದರ ಬಗ್ಗೆ ಟಿವಿಯಲ್ಲಿ ದಿನಗಟ್ಟಲೆ ಬಂತು. ಅದೇ ತಿದ್ದುಪಡಿಯಲ್ಲಿ 166ನೇ ಕಲಮಿಗೆ ಆರು ತಿಂಗಳ ವಾಯಿದೆ ಮತ್ತೆ ಸೇರಿದ್ದು ಬಹಳ ಜನರ ಕಿವಿಗೆ ಬೀಳಲಿಲ್ಲ. ಈ ಸಲ ತಡವನ್ನು ಮನ್ನಿಸುವ ಮಾತೇ ಆ ಕಲಮಿನಲ್ಲಿ ಇಲ್ಲ. 1956ರಲ್ಲಿದ್ದ ಸಡಿಲ ಕೂಡ ಇಲ್ಲ. ಇದು ಜಾರಿಯಾದದ್ದು 2022ರ ಏಪ್ರಿಲ್ 1ರಂದು.

ಸರ್ಕಾರ ಒಂದು ಕೈಯಲ್ಲಿ ಗಡುವು ಹಾಕಿ ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಕೆಲಸ ಹಚ್ಚಿತು. ಅದೇ ದಿನದಿಂದ ಜಾರಿಯಾದ ಹೊಸ ನಿಯಮಗಳ ಪ್ರಕಾರ, ಅಪಘಾತದ ಮಾಹಿತಿ ಸಿಕ್ಕ 48 ಗಂಟೆಯೊಳಗೆ ತನಿಖಾಧಿಕಾರಿ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. 10 ದಿನದೊಳಗೆ ನೊಂದವರಿಗೆ ಅವರ ಹಕ್ಕುಗಳನ್ನು ತಿಳಿಸುವ ಫಾರಂ ಕೊಡಬೇಕು. 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ಪೂರ್ತಿ ವರದಿ ನ್ಯಾಯಮಂಡಳಿಗೆ ಹೋಗಬೇಕು. ಪೊಲೀಸರು ಕಳಿಸಿದ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಎಂದು ತೆಗೆದುಕೊಳ್ಳಬೇಕು ಎಂದೂ ಕಾಯ್ದೆ ಹೇಳುತ್ತದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೂಡ ಈ ನಿಯಮಗಳನ್ನು ಸರಿಯಾಗಿ ನಡೆಸಿ ಎಂದು ಎಲ್ಲಾ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು.

ಕಾಗದದ ಮೇಲೆ ಇದು ಚೆನ್ನಾಗಿದೆ. ಎಲ್ಲವೂ ಹೇಳಿದ ಹಾಗೆ ನಡೆದರೆ ನೊಂದವರು ಅರ್ಜಿಯನ್ನೇ ಹಾಕಬೇಕಿಲ್ಲ. ಆದರೆ ಪೊಲೀಸರ ವರದಿ ಹೋಗಬೇಕಾದರೆ ಮೊದಲು ಠಾಣೆಯಲ್ಲಿ ಕೇಸು ದಾಖಲಾಗಬೇಕು. ನಮ್ಮ ಊರುಗಳಲ್ಲಿ ಎಡವುವುದು ಅಲ್ಲೇ.

ರಾಜಿ ಮತ್ತು ಪರಿಹಾರ: ಎರಡು ಮಾತುಗಳ ಗೊಂದಲ

ಗುದ್ದಿದ ಗಾಡಿ ಪಕ್ಕದೂರಿನದಾದರೆ ಹಿರಿಯರು ಕೂತು ರಾಜಿ ಮಾಡುತ್ತಾರೆ. ಆಸ್ಪತ್ರೆ ಖರ್ಚಿಗೆ ಇಷ್ಟು ಕೊಡು, ಕಂಪ್ಲೇಂಟು ಬೇಡ ಎಂದಾಗುತ್ತದೆ. ಹುಡುಗನ ಜೀವನ ಹಾಳಾಗಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ವಿಮೆ ಇರುವ ಗಾಡಿಯಾದರೆ ದೊಡ್ಡ ಮೊತ್ತ ಕೊಡಬೇಕಾದದ್ದು ವಿಮಾ ಕಂಪನಿ, ಆ ಹುಡುಗನಲ್ಲ. ಎಫ್‌ಐಆರ್ ಇಲ್ಲದೆ ರಾಜಿಯಾದರೆ ಕಂಪನಿ ಉಳಿಯಿತು, ನೊಂದವರು ಹೋದರು. ರಾಜಿಯ ದುಡ್ಡು ಮುಗಿದು, ಎರಡನೇ ಆಪರೇಷನ್ ಬೇಕು ಎಂದು ಡಾಕ್ಟರು ಹೇಳುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಇನ್ನೊಂದು ಗೊಂದಲ ನಮ್ಮ ಭಾಷೆಯಲ್ಲೇ ಇದೆ. ದೊಡ್ಡ ಅಪಘಾತವಾದಾಗ ಪ್ರಧಾನಿ, ಮುಖ್ಯಮಂತ್ರಿ ಪರಿಹಾರ ಘೋಷಿಸುತ್ತಾರೆ. ಶಿರಾ ಅಪಘಾತದಲ್ಲೂ ಪ್ರಧಾನಿ ಪರಿಹಾರ ನಿಧಿಯಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಘೋಷಣೆಯಾಗಿತ್ತು. ಅದನ್ನೂ ಪರಿಹಾರ ಅನ್ನುತ್ತೇವೆ, ಕೋರ್ಟು ಕೊಡಿಸುವುದನ್ನೂ ಪರಿಹಾರ ಅನ್ನುತ್ತೇವೆ. ಚೆಕ್ಕು ಬಂದ ಮೇಲೆ "ಪರಿಹಾರ ಬಂತಲ್ಲ" ಎಂದು ಮನೆಯವರು ಸುಮ್ಮನಾಗುವ ಅಪಾಯ ಇಲ್ಲಿದೆ. ಸರ್ಕಾರದ ಚೆಕ್ಕು ನೆರವು. ಕೋರ್ಟಿನದು ಹಕ್ಕು. ಸತ್ತವರ ವಯಸ್ಸು, ದುಡಿಮೆ, ಅವರನ್ನು ನಂಬಿದ ಜೀವಗಳು ಎಷ್ಟು ಎಂದು ಲೆಕ್ಕ ಹಾಕಿ ಕೊಡುವಂಥದ್ದು. ಒಂದು ಸಿಕ್ಕಿತೆಂದು ಇನ್ನೊಂದು ಬಿಡಬೇಕಿಲ್ಲ. ಚೆಕ್ಕು ತೆಗೆದುಕೊಂಡ ಮಾತ್ರಕ್ಕೆ ಗಡಿಯಾರ ನಿಲ್ಲುವುದೂ ಇಲ್ಲ.

ಈಗ ಏನಾಗಿದೆ?

ಈ ಆರು ತಿಂಗಳ ವಾಯಿದೆ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳು ಬಿದ್ದಿವೆ. ನೊಂದವರ ಒಳಿತಿಗೆಂದೇ ಇರುವ ಕಾನೂನಿನಲ್ಲಿ ಇಷ್ಟು ಗಿಡ್ಡ ಗಡುವು ಯಾಕೆ ಎಂಬುದು ಪ್ರಶ್ನೆ. 2025ರ ನವೆಂಬರಿನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ಮುಂದಿನ ಆದೇಶದವರೆಗೆ, ಆರು ತಿಂಗಳು ದಾಟಿತು ಎಂಬ ಒಂದೇ ಕಾರಣಕ್ಕೆ ನ್ಯಾಯಮಂಡಳಿಗಳಾಗಲಿ ಹೈಕೋರ್ಟುಗಳಾಗಲಿ ಅರ್ಜಿ ವಜಾ ಮಾಡಬಾರದು.

ತಡವಾದವರಿಗೆ ಇದು ಬಾಗಿಲು ತೆರೆದಿಟ್ಟ ಹಾಗೆ. ಎರಡು ವರ್ಷದ ಹಿಂದೆ ಅಪಘಾತವಾಗಿ, "ಟೈಮ್ ಮುಗಿಯಿತು" ಎಂದು ಕೈಬಿಟ್ಟವರು ಈಗಲೇ ಒಬ್ಬ ವಕೀಲರನ್ನು ಕಾಣುವುದು ಒಳ್ಳೆಯದು. ಆದರೆ ಇದು ಮಧ್ಯಂತರ ಆದೇಶ, ಕೊನೆಯ ತೀರ್ಪಲ್ಲ. ಹೊಸದಾಗಿ ಅಪಘಾತವಾದವರು ಆರು ತಿಂಗಳು ಇದ್ದೇ ಇದೆ ಎಂದು ತಿಳಿದು ನಡೆಯುವುದೇ ಕ್ಷೇಮ. ಗಾಯವಾದದ್ದು ಚಿಕ್ಕ ಮಕ್ಕಳಿಗಾದರೂ ಅಷ್ಟೇ. ದೊಡ್ಡವರಾಗಲಿ ಎಂದು ಕಾಯದೆ ತಂದೆ ತಾಯಿಯೋ ಪೋಷಕರೋ ಅವರ ಪರವಾಗಿ ಹಾಕಬೇಕು.

ಮನೆಯ ಕ್ಯಾಲೆಂಡರಿಗೆ

ಕಾನೂನಿನ ಗಡಿಯಾರ ಒಂದೊಂದಕ್ಕೆ ಒಂದೊಂದು ಥರ. ಇಷ್ಟನ್ನು ನೆನಪಿಡಿ:

- ರಸ್ತೆ ಅಪಘಾತ: ಆರು ತಿಂಗಳು, ಮೇಲೆ ಹೇಳಿದ ಹಾಗೆ.
- ಕೆಲಸ ಮಾಡುವಾಗ ಆದ ಅಪಘಾತಕ್ಕೆ ಮಾಲೀಕರಿಂದ ಪರಿಹಾರ: ಎರಡು ವರ್ಷ.
- ರೈಲು ಅಪಘಾತ, ರೈಲಿನಿಂದ ಬಿದ್ದದ್ದು: ಒಂದು ವರ್ಷ, ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ.
- ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಆಸ್ಪತ್ರೆಯ ನಿರ್ಲಕ್ಷ್ಯ: ಎರಡು ವರ್ಷ, ಗ್ರಾಹಕರ ಆಯೋಗದಲ್ಲಿ.
- ಗುದ್ದಿ ಓಡಿಹೋದ ಗಾಡಿ ಸಿಗದೇ ಇದ್ದರೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಅರ್ಜಿ ಕೊಡುವುದು ಕೋರ್ಟಿಗಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಗೆ. ಬೇಗ ಕೊಟ್ಟಷ್ಟೂ ಒಳ್ಳೆಯದು.

ಅಪಘಾತವಾದ ಮನೆಯಲ್ಲಿ ಎಲ್ಲರೂ ಆಸ್ಪತ್ರೆಗೆ ಓಡಿರುತ್ತಾರೆ. ಆಗ ನೆಂಟರಲ್ಲೋ ಅಕ್ಕಪಕ್ಕದವರಲ್ಲೋ ಓದಿದ ಒಬ್ಬರು ಈ ಕೆಲಸ ವಹಿಸಿಕೊಳ್ಳಲಿ. ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಗಾಡಿ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿ. ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಇದು ರಸ್ತೆ ಅಪಘಾತ ಎಂದೇ ಬರೆಸಿ. ಊಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ಲು, ಆಂಬುಲೆನ್ಸ್ ಬಿಲ್ಲು, ಸತ್ತಿದ್ದರೆ ಪೋಸ್ಟ್‌ಮಾರ್ಟಂ ವರದಿ, ಎಲ್ಲವನ್ನೂ ಒಂದೇ ಕವರಿನಲ್ಲಿಟ್ಟು ಫೋನಿನಲ್ಲಿ ಫೋಟೊ ತೆಗೆದಿಡಿ. ಪೊಲೀಸರ ವರದಿ ನ್ಯಾಯಮಂಡಳಿಗೆ ಹೋಗಿದೆಯಾ ಎಂದು ಮೂರು ತಿಂಗಳಿಗೆ ಒಮ್ಮೆ ವಿಚಾರಿಸಿ. ಹೋಗಿದೆ ಎಂದರೂ ನಿಮ್ಮ ಅರ್ಜಿಯನ್ನು ನೀವು ಹಾಕಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೂರಬೇಡಿ. ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ವರಮಾನ ನೋಡದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ ಸಂಖ್ಯೆ 15100. ನಾವು ವಕೀಲರಲ್ಲ, ನಿಮ್ಮ ಕೇಸಿನ ವಿವರಕ್ಕೆ ಅವರನ್ನೇ ಕೇಳಿ.

60 ದಿನದಿಂದ ಆರು ತಿಂಗಳಿಗೆ, ಅಲ್ಲಿಂದ ಗಡುವಿಲ್ಲದ ಕಾಲಕ್ಕೆ, ಮತ್ತೆ ಆರು ತಿಂಗಳಿಗೆ. ಈ ಏರಿಳಿತವೆಲ್ಲ ದೆಹಲಿಯಲ್ಲಿ ನಡೆದದ್ದು. ಪ್ರತಿ ಸಲವೂ ಬದಲಾದದ್ದು ಊರಿಗೆ ತಿಳಿಯುವ ಹೊತ್ತಿಗೆ ಕೆಲವು ಮನೆಗಳ ವಾಯಿದೆ ಮುಗಿದುಹೋಗಿತ್ತು. ಸುಪ್ರೀಂ ಕೋರ್ಟಿನ ಕೊನೆಯ ತೀರ್ಪು ಬಂದ ದಿನ ಇಲ್ಲೇ ಬರೆಯುತ್ತೇವೆ. ಅಲ್ಲಿಯವರೆಗೆ ಇದನ್ನು ನಿಮ್ಮೂರ ಗ್ರೂಪಿಗೆ ಹಾಕಿಡಿ. ಯಾರ ಮನೆಯಲ್ಲಾದರೂ ಹೀಗಾದರೆ, ತಿಥಿಗೆ ದಿನ ಎಣಿಸುವ ಕ್ಯಾಲೆಂಡರಿನಲ್ಲೇ ಆರು ತಿಂಗಳ ಮುಂದಿನ ತಾರೀಖಿಗೂ ಒಂದು ಗುರುತು ಹಾಕಿಕೊಡಿ.